ದೇವರ ಪಕ್ಕ ನಿಂತವನ ಹಾಸ್ಯ

(ಮುಂಬೈಯ ಮಾಟುಂಗದಲ್ಲಿ ಕನ್ನಡಿಗರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಟಿವಿ ಹಾಸ್ಯದಲ್ಲಿ ಪುರಾಣದ ದೇವರುಗಳ ಬಗ್ಗೆ ಮಾತಾಡಿ ಎಂದು ಹೇಳಿದ ಸಂಘಟಕರು ಜೊತೆಗೆ ಒಂದು ಷರತ್ತನ್ನೂ ಹಾಕಿದರು. "ಗಲಾಟೆ ಆಗದ ಹಾಗೆ ಮಾತಾಡಿ ಮಾರಾಯ್ರೇ" ಎಂದರು. ಆ ಷರತ್ತಿನಿಂದಲೇ ಶುರು ಮಾಡುತ್ತೇನೆ. ಯಾಕೆಂದರೆ ಗಲಾಟೆ ಈ ವಿಷಯಕ್ಕೆ ಹೊಸದೇನಲ್ಲ.

ನಾಟ್ಯಶಾಸ್ತ್ರ ತೆಗೆದು ನೋಡಿ. ಮೊದಲ ಅಧ್ಯಾಯದಲ್ಲೇ ಗಲಾಟೆ ಇದೆ. ಭರತಮುನಿ ತನ್ನ ಮಕ್ಕಳಿಂದ ಮೊದಲ ನಾಟಕ ಆಡಿಸುತ್ತಾನೆ. ದೇವತೆಗಳು ಗೆದ್ದದ್ದು, ದೈತ್ಯರು ಸೋತದ್ದು ಕಥೆ. ನೋಡಲು ಬಂದಿದ್ದ ದೈತ್ಯರಿಗೆ ಸಿಟ್ಟು ಬರುತ್ತದೆ. ನಟರ ಮಾತು, ನಡೆ, ನೆನಪು ಎಲ್ಲವನ್ನೂ ಕಟ್ಟಿಹಾಕುತ್ತಾರೆ. ಇಂದ್ರ ಧ್ವಜದ ಕೋಲು ಹಿಡಿದು ಬಂದು ಬಿಡಿಸಬೇಕಾಗುತ್ತದೆ. ಕೊನೆಯ ಅಧ್ಯಾಯದಲ್ಲಿ ಇನ್ನೊಂದು ಗಲಾಟೆ. ಭರತನ ಮಕ್ಕಳಿಗೆ ಆ ಹೊತ್ತಿಗೆ ಹೆಸರು ಬಂದಿದೆ, ಸ್ವಲ್ಪ ತಲೆಗೂ ಏರಿದೆ. ಋಷಿಗಳನ್ನು ಅಣಕಿಸಿ ಒಂದು ಆಟ ಆಡುತ್ತಾರೆ. ಋಷಿಗಳು ಶಾಪ ಕೊಡುತ್ತಾರೆ.

ಎರಡು ಕಡೆಯೂ ಸಿಟ್ಟಾದವರು ಯಾರು? ಒಮ್ಮೆ ದೈತ್ಯರು, ಒಮ್ಮೆ ಋಷಿಗಳು. ದೇವರುಗಳು ದೂರು ಕೊಟ್ಟದ್ದು ಎಲ್ಲೂ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಅದೇ ನಾಟ್ಯಶಾಸ್ತ್ರದಲ್ಲಿ ಒಂದೊಂದು ರಸಕ್ಕೂ ಒಬ್ಬ ದೇವತೆ. ಶೃಂಗಾರಕ್ಕೆ ವಿಷ್ಣು, ರೌದ್ರಕ್ಕೆ ರುದ್ರ, ಕರುಣಕ್ಕೆ ಯಮ. ಹಾಸ್ಯಕ್ಕೆ ಮಾತ್ರ ದೊಡ್ಡ ದೇವರು ಯಾರೂ ಸಿಕ್ಕಿಲ್ಲ. ಅದನ್ನು ಪ್ರಮಥರಿಗೆ ಕೊಟ್ಟಿದ್ದಾರೆ. ಪ್ರಮಥರು ಅಂದರೆ ಶಿವನ ಗಣಗಳು. ಡೊಳ್ಳು ಹೊಟ್ಟೆ, ಸೊಟ್ಟ ಮೂತಿ, ಒಬ್ಬೊಬ್ಬನೂ ಒಂದೊಂದು ಥರ. ಸಿಂಹಾಸನದ ಮೇಲೆ ಕೂರುವವರಲ್ಲ, ಪಕ್ಕದಲ್ಲಿ ನಿಲ್ಲುವವರು. ಇವತ್ತು ನಾನು ಹೇಳುವುದೆಲ್ಲ ಇದೊಂದೇ. ಪುರಾಣದ ಹಾಸ್ಯ ದೇವರಿಂದ ಹುಟ್ಟುವುದಿಲ್ಲ, ದೇವರ ಪಕ್ಕ ನಿಂತವನಿಂದ ಹುಟ್ಟುತ್ತದೆ. ನಮ್ಮ ಹಳೆಯ ರಂಗಭೂಮಿಗೆ ಇದು ಚೆನ್ನಾಗಿ ಗೊತ್ತಿತ್ತು. ಟಿವಿಯವರು ಕೆಲವು ಸಲ ನೆನಪಿಟ್ಟುಕೊಂಡರು, ಜಾಸ್ತಿ ಸಲ ಮರೆತರು.

ನನಗೆ ಇದು ತಿಳಿದದ್ದು ಓದಿನಿಂದಲ್ಲ, ಚೌಕಿಯಿಂದ, ಅಂದರೆ ಯಕ್ಷಗಾನದ ಬಣ್ಣದ ಮನೆಯಿಂದ. ಮುಂಬೈಯ ಹವ್ಯಾಸಿ ಯಕ್ಷಗಾನ ಆಟಗಳಲ್ಲಿ ಹಾಸ್ಯಗಾರನ ವೇಷ ನನಗೆ ಬೀಳುತ್ತಿತ್ತು. ದೂತ, ಬ್ರಾಹ್ಮಣ, ಮುದುಕಿ, ಇಂಥವು. ಊರಿನ ಮೇಳಗಳು ಮಳೆಗಾಲದಲ್ಲಿ ಇಲ್ಲಿಗೆ ಬಂದಾಗ ದೊಡ್ಡ ಹಾಸ್ಯಗಾರರನ್ನು ಬಾಯಿ ಬಿಟ್ಟುಕೊಂಡು ನೋಡಿದ್ದೇನೆ. ಅಲ್ಲಿ ಒಂದು ಕಟ್ಟುನಿಟ್ಟಾದ ನಿಯಮ ಇದೆ. ಒಡ್ಡೋಲಗ, ಅಂದರೆ ಅಬ್ಬರದ ಪ್ರವೇಶ, ಮುಗಿಸಿ ಮಹಿಷಾಸುರ ರಂಗಸ್ಥಳದಲ್ಲಿ ಕೂತಿದ್ದಾನೆ ಅಂದುಕೊಳ್ಳಿ. ದೂತ ಓಡಿ ಬರುತ್ತಾನೆ. "ಎಲವೋ ಚಾರಕ, ಸ್ವರ್ಗದ ಸ್ಥಿತಿ ಏನು?" ಎಂದು ಮಹಿಷ ಗುಡುಗುತ್ತಾನೆ. ದೂತ ಕೈಮುಗಿದು ಹೇಳುತ್ತಾನೆ: "ಒಡೆಯಾ, ಸ್ವರ್ಗವನ್ನು ರೀಡೆವಲಪ್‌ಮೆಂಟಿಗೆ ಕೊಟ್ಟಿದ್ದಾರೆ. ದೇವತೆಗಳೆಲ್ಲ ಬಾಡಿಗೆ ಮನೆಯಲ್ಲಿದ್ದಾರೆ. ಬಿಲ್ಡರ್ ಫೋನ್ ಎತ್ತುತ್ತಿಲ್ಲ."

ನೀವು ನಕ್ಕಿರಿ. ಆದರೆ ಮಹಿಷಾಸುರ ನಗಬಾರದು. ಅವನು ನಕ್ಕರೆ ಆಟ ಕೆಟ್ಟಿತು. ಅವನು ಇನ್ನಷ್ಟು ಹುಬ್ಬು ಗಂಟು ಹಾಕಿ, ಇನ್ನಷ್ಟು ಗ್ರಂಥದ ಕನ್ನಡದಲ್ಲಿ ಗದರಬೇಕು. ಅವನು ಗಂಭೀರ ಆದಷ್ಟೂ ದೂತನಿಗೆ ಲಾಭ. ಇನ್ನೊಂದು ವಿಷಯ ಗಮನಿಸಿ. ಆ ನಗೆ ಸ್ವರ್ಗದ ಮೇಲಲ್ಲ. ಚೆಂಬೂರಿನ, ಘಾಟ್ಕೋಪರಿನ ಹೌಸಿಂಗ್ ಸೊಸೈಟಿಗಳ ಮೇಲೆ. ದೇವತೆಗಳನ್ನು ಸುಮ್ನೆ ಸಾಕ್ಷಿಗೆ ಕರೆದದ್ದು ಅಷ್ಟೇ.

ನಮ್ಮ ಉತ್ತರ ಕರ್ನಾಟಕದವರು ಇಲ್ಲಿ ತುಂಬ ಜನ ಇದ್ದೀರಿ. ನಿಮಗೆ ಶ್ರೀಕೃಷ್ಣ ಪಾರಿಜಾತ ಬಯಲಾಟದ ಬಗ್ಗೆ ನಾನು ಹೇಳಿಕೊಡಬೇಕಾಗಿಲ್ಲ. ಕುಲಗೋಡ ತಮ್ಮಣ್ಣ ಅದಕ್ಕೆ ರೂಪ ಕೊಟ್ಟ, ಕೌಜಲಗಿ ನಿಂಗಮ್ಮ ಅದಕ್ಕೆ ಜೀವ ತುಂಬಿದಳು. ಕಥೆ ಏನು? ನಾರದ ಒಂದೇ ಒಂದು ಪಾರಿಜಾತ ತರುತ್ತಾನೆ. ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ. ಸತ್ಯಭಾಮೆಗೆ ಸುದ್ದಿ ಮುಟ್ಟುತ್ತದೆ. ಮುಗೀತು ಕೃಷ್ಣನ ಕಥೆ. ಒಂದು ಹೂವಿನ ಜಗಳ ರಾತ್ರಿಯಿಡೀ ನಡೆಯುವುದು ಯಾರಿಂದ? ದೂತಿಯಿಂದ. ಸತ್ಯಭಾಮೆ ಅತ್ತರೆ ದೂತಿ ಸಮಾಧಾನ ಮಾಡುತ್ತಾಳೆ, ಅದೇ ಉಸಿರಿನಲ್ಲಿ ಚುಚ್ಚುತ್ತಾಳೆ. ಕೃಷ್ಣನ ಮುಂದೆ ಹೋಗಿ, "ಏನಪಾ, ಎರಡು ಮನಿ ಮಾಡಾವಾಗ ಗೊತ್ತಿರಲಿಲ್ಲೇನು?" ಎನ್ನುವ ಧಾಟಿಯಲ್ಲಿ ನಿಲ್ಲುತ್ತಾಳೆ. ಮುಂದೆ ಕೂತವರು ಕೃಷ್ಣನಿಗೆ ಮನಸ್ಸಿನಲ್ಲಿ ಕೈಮುಗಿದುಕೊಂಡೇ ದೂತಿಯ ಮಾತಿಗೆ ಬಿದ್ದು ಬಿದ್ದು ನಗುತ್ತಾರೆ. ಎರಡೂ ಒಟ್ಟಿಗೆ ನಡೆಯುತ್ತದೆ. ಒಂದಕ್ಕೊಂದು ಅಡ್ಡ ಬರುವುದಿಲ್ಲ.

ಮರಾಠಿಯವರ ಜನಪದ ನಾಟಕ ತಮಾಷಾದಲ್ಲೂ ಇದೇ. ಗಣಪತಿಯ ಪ್ರಾರ್ಥನೆಯಾದ ಮೇಲೆ ಗವಳಣ್ ಬರುತ್ತದೆ. ಗೊಲ್ಲತಿಯರು ಮಥುರೆಯ ಸಂತೆಗೆ ಹಾಲು ಮೊಸರು ಹೊತ್ತು ಹೊರಟಿದ್ದಾರೆ. ಕೃಷ್ಣ ದಾರಿ ತಡೆಯುತ್ತಾನೆ. ಜೊತೆಗೆ ಅವನ ಗೆಳೆಯ ಪೇಂದ್ಯಾ. ಆ ಕಡೆ ಗೊಲ್ಲತಿಯರ ಜೊತೆ ಮಾವಶಿ, ಅಂದರೆ ಚಿಕ್ಕಮ್ಮ. ಸಾಮಾನ್ಯವಾಗಿ ಗಂಡಸು ಮಾಡುವ ಪಾತ್ರ. ಕೃಷ್ಣ ಸುಂಕ ಕೇಳುತ್ತಾನೆ, ಮಾವಶಿ ಲೆಕ್ಕ ಕೇಳುತ್ತಾಳೆ. ಮುಲುಂಡ್, ದಹಿಸರ್ ಜಕಾತ್ ನಾಕಾದ, ಅಂದರೆ ಊರಿನ ಸುಂಕದ ಕಟ್ಟೆಯ, ಸಾಲಿನಲ್ಲಿ ಟೆಂಪೋ ನಿಲ್ಲಿಸಿಕೊಂಡು ಕಾದವರಿಗೆ ಆ ಜಗಳ ಯಾರದ್ದು ಎಂದು ಬಿಡಿಸಿ ಹೇಳಬೇಕಾಗಿಲ್ಲ. 2017ರಲ್ಲಿ ಜಿಎಸ್‌ಟಿ ಬಂದು ಮುಂಬೈಯ ಜಕಾತ್ ಹೋಯಿತು. ಮಾವಶಿಗೆ ಒಂದು ವಿಷಯ ಕಡಿಮೆ ಆಯಿತು.

ಗೋವಾದ ಉತ್ತರದ ಕಡೆ, ಸಿಂಧುದುರ್ಗದ ಕಡೆ ದಶಾವತಾರದ ಆಟ ನೋಡಿದವರು ಸಂಕಾಸುರನನ್ನು ಮರೆಯಲಾರರು. ವೇದ ಕದ್ದ ರಾಕ್ಷಸ ಅವನು. ಕಪ್ಪು ವೇಷ ಹಾಕಿ ಬಂದು ಅಲ್ಲಿನ ಮಾಲವಣಿ ಮಾತಿನಲ್ಲಿ ಊರಿನ ಸುದ್ದಿಯನ್ನೆಲ್ಲ ಎತ್ತಿ ಆಡುತ್ತಾನೆ. ಕೊನೆಗೆ ವಿಷ್ಣುವಿನ ಕೈಯಲ್ಲಿ ಸಾಯುತ್ತಾನೆ. ಆದರೆ ಅಷ್ಟರೊಳಗೆ ಅವನ ಕೆಲಸ ಆಗಿರುತ್ತದೆ.

ಈಗ ಟಿವಿಗೆ ಬರೋಣ. 1987ರ ಜನವರಿ 25, ರಾಮಾನಂದ ಸಾಗರ್ ಅವರ ರಾಮಾಯಣ ದೂರದರ್ಶನದಲ್ಲಿ ಶುರುವಾಯಿತು. ಚಿತ್ರೀಕರಣ ಆದದ್ದು ಇಲ್ಲೇ, ವಿರಾರ್ ದಾಟಿ, ಡಹಾಣು ದಾಟಿ, ಗುಜರಾತಿನ ಗಡಿಯೊಳಗಿನ ಉಂಬರಗಾಂವ್‌ನಲ್ಲಿ. ಅದು ಮುಗಿದ ಮೇಲೆ 1988ರ ಅಕ್ಟೋಬರ್ 2ರಿಂದ ಬಿ.ಆರ್. ಚೋಪ್ರಾ ಅವರ ಮಹಾಭಾರತ. ಅದು ಗೋರೆಗಾಂವ್‌ನ ಫಿಲ್ಮ್ ಸಿಟಿಯದ್ದು. ಭಾನುವಾರ ಬೆಳಿಗ್ಗೆ ಬೀದಿಗಳು ಖಾಲಿಯಾಗಿದ್ದನ್ನು ನಿಮ್ಮಲ್ಲಿ ಅರ್ಧ ಜನ ನೋಡಿದ್ದೀರಿ. ಟಿವಿಗೆ ಹಾರ ಹಾಕಿದವರೂ ಇಲ್ಲೇ ಕೂತಿರಬಹುದು.

ಆ ಎರಡು ಧಾರಾವಾಹಿಗಳಲ್ಲಿ ಹಾಸ್ಯ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಕುಂಭಕರ್ಣನನ್ನು ಎಬ್ಬಿಸುವುದು ಇತ್ತು, ಹನುಮಂತನ ಬಾಲ ಇತ್ತು. ಆದರೆ ಪಕ್ಕ ನಿಂತು ಮಾತಾಡುವವನು ಇರಲಿಲ್ಲ. ಮಹಾಭಾರತದಲ್ಲಿ, ಹಾಡಿ ಕಥೆ ನಡೆಸುವ ಭಾಗವತರ ಜಾಗಕ್ಕೆ "ಸಮಯ" ಬಂದ. ಹರೀಶ್ ಭಿಮಾನಿ ಅವರ ಧ್ವನಿ, ಹಿಂದೆ ತಿರುಗುವ ಚಕ್ರ. ಅದ್ಭುತವಾದ ಕಲ್ಪನೆ, ಒಪ್ಪುತ್ತೇನೆ. ಬರೆದವರು ರಾಹಿ ಮಾಸೂಮ್ ರಝಾ. ಆದರೆ ಆ ಸಮಯ ಒಮ್ಮೆಯೂ ನಗಲಿಲ್ಲ. ಹಾಸ್ಯಗಾರನ ಜಾಗ ಖಾಲಿ ಉಳಿಯಿತು.

ಖಾಲಿ ಜಾಗ ಮುಂಬೈಯಲ್ಲಿ ಎಷ್ಟು ಹೊತ್ತು ಖಾಲಿ ಉಳಿದೀತು? ನೋಡುವವರೇ ಅದರಲ್ಲಿ ಕೂತರು. ಚಾಳಿನಲ್ಲಿ ಒಂದು ಮನೆಗೆ ಟಿವಿ, ಹತ್ತು ಮನೆಯವರು ನೆಲದ ಮೇಲೆ. ರಾಮನ ಬಾಣ ಈ ಕಡೆಯಿಂದ ಹೊರಟಿದೆ, ರಾವಣನ ಬಾಣ ಆ ಕಡೆಯಿಂದ. ಎರಡೂ ನಿಧಾನಕ್ಕೆ ಬರುತ್ತಿವೆ. ಹಿಂದಿನಿಂದ ಒಬ್ಬ ಹುಡುಗ, "ಸ್ಲೋ ಲೋಕಲ್ ಹಾಕಿದ್ದಾರೆ, ಫಾಸ್ಟ್ ಬರಲ್ಲ" ಎನ್ನುತ್ತಾನೆ. ಅಜ್ಜಿ ಬೈಯುತ್ತಾಳೆ, ಆಮೇಲೆ ಅವಳೂ ನಗುತ್ತಾಳೆ. ಆ ಹುಡುಗ ರಾಮನನ್ನು ಅಣಕಿಸಿದನೇ? ಇಲ್ಲ. ಅವನು ಟಿವಿಯನ್ನು ಅಣಕಿಸಿದ. ಆಮೇಲಿನ ಮಿಮಿಕ್ರಿಯವರು, ಕಾಮಿಡಿ ಶೋಗಳವರು ಮಾಡಿದ್ದೂ ಬಹುಪಾಲು ಇದನ್ನೇ. 2005ರಲ್ಲಿ ಸ್ಟಾರ್ ಒನ್‌ನಲ್ಲಿ ದಿ ಗ್ರೇಟ್ ಇಂಡಿಯನ್ ಲಾಫ್ಟರ್ ಚಾಲೆಂಜ್ ಶುರುವಾದ ಮೇಲೆ ಸ್ಟ್ಯಾಂಡಪ್ ಮಾಡುವವರಿಗೆ ಟಿವಿಯಲ್ಲಿ ದೊಡ್ಡ ಬಾಗಿಲು ತೆರೆಯಿತು. ನಿಧಾನಕ್ಕೆ ಹಾರುವ ಬಾಣ, ಮೂರು ಸಲ ತಿರುಗುವ ಕ್ಯಾಮೆರಾ, "ಪಿತಾಶ್ರೀ", "ಭ್ರಾತಾಶ್ರೀ", ಗುಡುಗಿನ ಸದ್ದು. ಇದರಲ್ಲಿ ಯಾವುದು ವಾಲ್ಮೀಕಿಯದ್ದು, ಯಾವುದು ವ್ಯಾಸರದ್ದು? ಒಂದೂ ಅಲ್ಲ. ಎಲ್ಲ ಫಿಲ್ಮ್ ಸಿಟಿಯದ್ದು.

ಸಿನಿಮಾದಲ್ಲಿ ಇದಕ್ಕಿಂತ ಮುಂಚೆಯೇ ಒಬ್ಬರು ಇದನ್ನು ಮಾಡಿ ತೋರಿಸಿದ್ದರು. 1983ರ ಜಾನೇ ಭೀ ದೋ ಯಾರೋ. ಕುಂದನ್ ಶಾ ನಿರ್ದೇಶನ, ಸರ್ಕಾರದ ಸಿನಿಮಾ ಸಂಸ್ಥೆ ಎನ್‌ಎಫ್‌ಡಿಸಿಯ ದುಡ್ಡು. ಆ ಸಿನಿಮಾದ ಕೊನೆಯ ಭಾಗ ನೆನಪು ಮಾಡಿಕೊಳ್ಳಿ. ಬಿಲ್ಡರುಗಳು, ಭ್ರಷ್ಟ ಅಧಿಕಾರಿಗಳು, ಇಬ್ಬರು ಬಡಪಾಯಿ ಫೋಟೋಗ್ರಾಫರುಗಳು, ಎಲ್ಲರೂ ಒಂದು ಹೆಣದ ಹಿಂದೆ ಓಡುತ್ತಿದ್ದಾರೆ. ಓಡುತ್ತಾ ಒಂದು ನಾಟಕದ ರಂಗಕ್ಕೆ ನುಗ್ಗುತ್ತಾರೆ. ಅಲ್ಲಿ ದ್ರೌಪದಿಯ ವಸ್ತ್ರಾಪಹರಣ ನಡೆಯುತ್ತಿದೆ. ಹೆಣಕ್ಕೆ ಸೀರೆ ಉಡಿಸಿ ದ್ರೌಪದಿ ಮಾಡಿದ್ದಾರೆ. ದ್ರೌಪದಿ ನಿನ್ನೊಬ್ಬನದ್ದಲ್ಲ, ನಾವೆಲ್ಲ ಶೇರ್‌ಹೋಲ್ಡರುಗಳು ಎಂದು ಓಂ ಪುರಿ ಕುಡಿದ ಗತ್ತಿನಲ್ಲಿ ಹೇಳುತ್ತಾರೆ. ಸಿಂಹಾಸನದಲ್ಲಿ ಕೂತ ಧೃತರಾಷ್ಟ್ರ ಮಾತ್ರ ಪದೇಪದೇ ಕೇಳುತ್ತಾನೆ, "ಯೇ ಕ್ಯಾ ಹೋ ರಹಾ ಹೈ?"

ಈ ದೃಶ್ಯ ಟಿವಿಯಲ್ಲಿ ಎಷ್ಟು ಸಲ ಬಂದಿದೆಯೋ ಅಷ್ಟು ಸಲವೂ ನಾನು ಕೂತು ನೋಡಿದ್ದೇನೆ. ಧೃತರಾಷ್ಟ್ರನಿಗೆ ವ್ಯಾಸರು ಸಂಜಯನನ್ನು ಕೊಟ್ಟಿದ್ದರು. ಕಣ್ಣಿಲ್ಲದ ರಾಜನ ಪಕ್ಕ ನಿಂತು ಕಂಡದ್ದನ್ನು ಕಂಡ ಹಾಗೆ ಹೇಳುವವನು. ಇಲ್ಲಿ ಸಂಜಯನೇ ಇಲ್ಲ. ಹೇಳುವವರಿಲ್ಲದೆ ರಾಜ ಕೇಳುತ್ತಲೇ ಇದ್ದಾನೆ. ಮುಂದೆ ನಡೆಯುತ್ತಿರುವುದು ಮುಂಬೈಯ ಬಿಲ್ಡರುಗಳ ಪಾಲುಗಾರಿಕೆ. ಮಹಾಭಾರತದ ಘನತೆಗೆ ಒಂದು ಗೀರೂ ಬೀಳಲಿಲ್ಲ. ಬಿದ್ದದ್ದು ಯಾರ ಮೇಲೆ ಎಂದು ಆಗಿನ ಮುನಿಸಿಪಾಲ್ಟಿಯವರಿಗೆ ಗೊತ್ತು.

ಮುಂದಿನ ಪ್ರಶ್ನೆ. ಇಷ್ಟೊಂದು ದೇವರುಗಳಿರುವಾಗ ಹಾಸ್ಯಕ್ಕೆ ಯಮನೇ ಯಾಕೆ ಜಾಸ್ತಿ ಸಿಗುತ್ತಾನೆ? ಕರುಣರಸದ ದೇವತೆ ಅಂತ ಆಗಲೇ ಹೇಳಿದೆ. ಅವನೇ ಕಾಮಿಡಿಗೆ ಕಾಯಂ. 1958ರಲ್ಲಿ ಬಂಗಾಳಿಯ ಯಮಾಲಯೇ ಜೀವಂತ ಮಾನುಷ್, 1977ರಲ್ಲಿ ಎನ್.ಟಿ. ರಾಮರಾವ್ ಅವರ ತೆಲುಗಿನ ಯಮಗೋಲ, ಅದರಿಂದ 1979ರಲ್ಲಿ ಹಿಂದಿಯ ಲೋಕ್ ಪರಲೋಕ್. ಮನುಷ್ಯನೊಬ್ಬ ಯಮಲೋಕಕ್ಕೆ ಹೋಗಿ ಅಲ್ಲಿ ಗಲಾಟೆ ಎಬ್ಬಿಸುವ ಕಥೆ. ಆಮೇಲೆ ಎಲ್ಲ ಭಾಷೆಯ ಕಾಮಿಡಿ ಶೋಗಳಲ್ಲೂ ಒಂದು ಕೋಣ, ಒಂದು ಗದೆ, ಒಂದು ದಪ್ಪ ಪುಸ್ತಕ ಇದ್ದೇ ಇದೆ.

ಸಾವಿಗೆ ಹೆದರುವವರು ಸಾವನ್ನು ನೋಡಿ ನಗುತ್ತಾರೆ ಎಂದು ದೊಡ್ಡವರು ಹೇಳುತ್ತಾರೆ. ಇರಬಹುದು. ನನಗೆ ಕಾಣುವ ಕಾರಣ ಬೇರೆ. ಯಮನಿಗೆ ಆಫೀಸಿದೆ. ದೇವರುಗಳಲ್ಲಿ ಪೂರ್ತಿ ಸರ್ಕಾರಿ ನೌಕರ ಅವನೊಬ್ಬನೇ. ನಿಗದಿಯಾದ ಕೆಲಸ, ರಿಜಿಸ್ಟರ್, ರಿಜಿಸ್ಟರ್ ಬರೆಯಲು ಚಿತ್ರಗುಪ್ತ, ಓಡಾಡಲು ವಾಹನ, ಕೆಳಗೆ ಭಟರು. ರೂಲ್ಸ್ ಮೀರುವ ಹಾಗಿಲ್ಲ. ರೂಲ್ಸ್ ಇರುವ ಕಡೆ ಯಡವಟ್ಟು ಇದ್ದೇ ಇರುತ್ತದೆ. ಒಂದೇ ಹೆಸರಿನ ಇನ್ನೊಬ್ಬನನ್ನು ಎಳೆದುಕೊಂಡು ಬಂದರು ಅನ್ನುವ ಜೋಕು ರೇಷನ್ ಕಾರ್ಡಿನಲ್ಲಿ ಹೆಸರು ತಪ್ಪಾಗಿ ಬಂದವರಿಗೆ ಎಲ್ಲಿ ಮುಟ್ಟಬೇಕೋ ಅಲ್ಲಿ ಮುಟ್ಟುತ್ತದೆ.

ಇದು ಟಿವಿಯವರ ತಲೆಯಿಂದ ಬಂದದ್ದೂ ಅಲ್ಲ. ಕಠೋಪನಿಷತ್ತಿನ ನಚಿಕೇತನನ್ನು ನೋಡಿ. ಹುಡುಗ ಯಮನ ಮನೆಗೆ ಹೋದರೆ ಯಜಮಾನ ಮನೆಯಲ್ಲಿಲ್ಲ. ಮೂರು ರಾತ್ರಿ ಊಟ ಇಲ್ಲದೆ ಬಾಗಿಲಲ್ಲಿ ಕೂತಿದ್ದಾನೆ. ವಾಪಸು ಬಂದ ಯಮನಿಗೆ ಎಂಥ ಮುಜುಗರ! ಅತಿಥಿ, ಅದರಲ್ಲೂ ಬ್ರಾಹ್ಮಣ, ಹಸಿದು ಕೂತಿದ್ದಾನೆ. ತಪ್ಪಿಗೆ ಪರಿಹಾರ ಅಂತ ಒಂದೊಂದು ರಾತ್ರಿಗೆ ಒಂದೊಂದು ವರ. ಹುಡುಗ ಮೂರನೆಯದಕ್ಕೆ ಸಾವಿನ ಗುಟ್ಟನ್ನೇ ಕೇಳುತ್ತಾನೆ. ಯಮ ಒದ್ದಾಡುತ್ತಾನೆ. ಆನೆ ತಗೋ, ಕುದುರೆ ತಗೋ, ಚಿನ್ನ ತಗೋ, ಇದೊಂದು ಕೇಳಬೇಡ. ಹುಡುಗ ಬಿಡುವುದಿಲ್ಲ. ಇನ್ನು ಸಾವಿತ್ರಿ. ಗಂಡನ ಪ್ರಾಣ ಬಿಟ್ಟು ಬೇರೆ ಏನು ಬೇಕಾದರೂ ಕೇಳು ಎನ್ನುತ್ತಾನೆ. ನೂರು ಮಕ್ಕಳಾಗಲಿ ಎಂದು ಕೇಳುತ್ತಾಳೆ. ತಥಾಸ್ತು ಅಂದ ಮೇಲೆ ತಾನು ಸಿಕ್ಕಿಬಿದ್ದದ್ದು ಗೊತ್ತಾಗುತ್ತದೆ. ಎರಡು ಕಡೆಯೂ ಯಮ ಒಳ್ಳೆಯವನು, ನ್ಯಾಯವಂತ, ಕೊಟ್ಟ ಮಾತಿಗೆ ಸಿಕ್ಕಿಬಿದ್ದವನು. ಎದುರಿಗೆ ನಿಂತು ಪಟ್ಟು ಹಿಡಿದವರು ಒಬ್ಬ ಹುಡುಗ, ಒಬ್ಬ ಹೆಂಗಸು. ಹಾಸ್ಯಕ್ಕೆ ಇದಕ್ಕಿಂತ ಒಳ್ಳೆ ಜೋಡಿ ಯಾರು ಕೊಡುತ್ತಾರೆ?

2014ರಲ್ಲಿ ಸಬ್ ಟಿವಿಯಲ್ಲಿ ಯಮ್ ಹೈಂ ಹಮ್ ಬಂತು. ಮಾನವ್ ಗೋಹಿಲ್ ಯಮ, ಅತುಲ್ ಶ್ರೀವಾಸ್ತವ ಚಿತ್ರಗುಪ್ತ. ಇಬ್ಬರೂ ಭೂಮಿಗೆ ಬಂದು ಜನರ ನಡುವೆ ಇರುತ್ತಾರೆ. ಶುರುವಿನಲ್ಲಿ ಚೆನ್ನಾಗಿತ್ತು. ಯಮ ಗಂಭೀರ, ಚಿತ್ರಗುಪ್ತ ಪಕ್ಕದಲ್ಲಿ. ಯಜಮಾನನಿಗೆ ಏನೂ ತಿಳಿಯುವುದಿಲ್ಲ, ಗುಮಾಸ್ತನಿಗೆ ಎಲ್ಲ ತಿಳಿದಿದೆ, ಆದರೆ ಹೇಳುವ ಹಾಗಿಲ್ಲ. ಆಫೀಸಿನಲ್ಲಿ ಕೆಲಸ ಮಾಡಿದ ಯಾರಿಗಾದರೂ ಅರ್ಥವಾಗುತ್ತದೆ. ಬರುಬರುತ್ತಾ ಯಮನೇ ಕೋಡಂಗಿಯಾಗುವ ಎಪಿಸೋಡುಗಳು ಜಾಸ್ತಿಯಾದವು. ಆಗ ನನಗೆ ಬೇಸರ ಬಂತು. ಯಮ ಎಲ್ಲರ ಹಾಗೆ ಪೆದ್ದನಾದರೆ ಯಮನೇ ಯಾಕೆ ಬೇಕು? ಪಕ್ಕದ ಮನೆಯ ಪೆದ್ದನೇ ಸಾಕಲ್ವಾ?

ಅದೇ ವರ್ಷ ಝೀ ಟಿವಿಯಲ್ಲಿ ನೀಲಿ ಛತ್ರಿ ವಾಲೇ ಬಂತು. ಅಶ್ವಿನಿ ಧೀರ್ ಅವರದ್ದು. ಯಶ್‌ಪಾಲ್ ಶರ್ಮಾ ಮಾಡಿದ ಭಗವಾನ್ ದಾಸ್ ಮಧ್ಯಮ ವರ್ಗದ ಮನುಷ್ಯ. ಮನೆ, ಆಫೀಸು ಎರಡು ಕಡೆಯಿಂದಲೂ ಜಜ್ಜಿಹೋದವನು. ಅವನ ಹತ್ತಿರ ಶಿವ ಗೆಳೆಯನ ಹಾಗೆ ಬಂದು ಮಾತಾಡುತ್ತಾನೆ. ಶಿವನಾಗಿ ನಟಿಸಿದ ಹಿಮಾಂಶು ಸೋನಿ ಅದರ ಹಿಂದಿನ ವರ್ಷ ಅದೇ ಚಾನೆಲ್ಲಿನಲ್ಲಿ ಬುದ್ಧನ ಪಾತ್ರ ಮಾಡಿದ್ದವರು. ಆ ಶಾಂತ ಮುಖ ಇಲ್ಲಿ ಕೆಲಸಕ್ಕೆ ಬಂತು. ಶಿವ ಮುಗುಳ್ನಗುತ್ತಾನೆ ಅಷ್ಟೇ, ಹಾರಾಡುವುದು ಪೂರ್ತಿ ಭಗವಾನ್ ದಾಸ್. ಮಹಿಷಾಸುರ ಮತ್ತು ದೂತನ ನಿಯಮ ಯಾರೋ ಹೇಳಿಕೊಟ್ಟ ಹಾಗಿತ್ತು. ಧಾರಾವಾಹಿ ಕೆಲವು ಕಡೆ ಉಪದೇಶಕ್ಕೆ ಜಾರಿತು, ಅದು ಬೇರೆ ಮಾತು. ಜೋಡಿ ಮಾತ್ರ ಸರಿಯಾಗಿತ್ತು.

ಇನ್ನೊಂದರ ಕಥೆ ಹೇಳಲೇಬೇಕು. 2020ರ ಮಾರ್ಚ್ 23ರಂದು ಸ್ಟಾರ್ ಪ್ಲಸ್‌ನಲ್ಲಿ ಮಹಾರಾಜ್ ಕೀ ಜೈ ಹೋ ಎಂಬ ಹೊಸ ಕಾಮಿಡಿ ಶುರುವಾಯಿತು. ಈ ಕಾಲದ ಒಬ್ಬ ಹುಡುಗ ಕಾಲಯಂತ್ರದಲ್ಲಿ ಹಸ್ತಿನಾಪುರಕ್ಕೆ ಹೋಗಿ ಬೀಳುತ್ತಾನೆ. ಅವನ ಹೆಸರು ಸಂಜಯ, ನಟ ಸತ್ಯಜೀತ್ ದುಬೆ. ಧೃತರಾಷ್ಟ್ರ ನಿತೇಶ್ ಪಾಂಡೆ. ನೋಡಿ, ಯಾರೋ ಸಂಜಯನನ್ನು ನೆನಪಿಟ್ಟುಕೊಂಡಿ­ದ್ದಾರೆ! ಕುರುಡು ರಾಜನ ಪಕ್ಕ ನಿಲ್ಲಲು ಮತ್ತೆ ಒಬ್ಬ ಸಿಕ್ಕಿದ್ದಾನೆ. ಮರುದಿನ ರಾತ್ರಿ ಎಂಟು ಗಂಟೆಗೆ ಪ್ರಧಾನಿ ಲಾಕ್‌ಡೌನ್ ಘೋಷಿಸಿದರು. ಶೂಟಿಂಗು ಮೊದಲೇ ನಿಂತಿತ್ತು. ಮಾರ್ಚ್ 28ಕ್ಕೆ ದೂರದರ್ಶನ ಹಳೆಯ ರಾಮಾಯಣ, ಹಳೆಯ ಮಹಾಭಾರತ ಎರಡನ್ನೂ ಹೊರಗೆ ತೆಗೆಯಿತು. ಹೊಸ ಧೃತರಾಷ್ಟ್ರ ಸಿಂಹಾಸನದ ಮೇಲೆ ಸರಿಯಾಗಿ ಕೂರುವ ಮೊದಲೇ ಹಳೆಯವನು ಬಂದು ಏಳಿಸಿದ. ಊರಿಗೆ ಊರೇ ಮನೆಯೊಳಗೆ ಕೂತು ಮೂವತ್ತು ವರ್ಷದ ಹಿಂದಿನ ಬಾಣಗಳನ್ನು ನೋಡಿತು. ಈ ಸಲ ಚಾಳಿನ ಹುಡುಗನ ಜಾಗದಲ್ಲಿ ವಾಟ್ಸಾಪ್ ಇತ್ತು. ಆ ದಿನಗಳಲ್ಲಿ ಶಕುನಿಯ ಮುಖ ಇಲ್ಲದ ಫ್ಯಾಮಿಲಿ ಗ್ರೂಪು ಯಾವುದಾದರೂ ಇತ್ತೇ?

ಅದೇ ವರ್ಷ ಮಹಾಭಾರತದ ನಟರನ್ನು ಕಪಿಲ್ ಶರ್ಮಾ ತಮ್ಮ ಶೋಗೆ ಕರೆದರು. ಭೀಷ್ಮನ ಪಾತ್ರ ಮಾಡಿದ್ದ ಮುಕೇಶ್ ಖನ್ನಾ ಹೋಗಲಿಲ್ಲ. ಆ ಶೋ ಅಶ್ಲೀಲ ಎಂದು ಬಹಿರಂಗವಾಗಿಯೇ ಹೇಳಿದರು. ಒಲ್ಲೆ ಎನ್ನುವುದು ಭೀಷ್ಮನಿಗೆ ಹೊಸದಲ್ಲ ಬಿಡಿ. ಉಳಿದವರು ಹೋದರು, ನಕ್ಕರು, ಬಂದರು.

ಮಕ್ಕಳ ಕಾರ್ಟೂನಿನ ಬಗ್ಗೆ ಎರಡೇ ಮಾತು. 2008ರಿಂದ ಪೋಗೋದಲ್ಲಿರುವ ಛೋಟಾ ಭೀಮ್‌ಗೆ ಲಡ್ಡು ತಿಂದರೆ ಬಲ ಬರುತ್ತದೆ. ಅವನು ಪಾಂಡವರ ಭೀಮನಲ್ಲ, ಢೋಲಕ್‌ಪುರದ ಹುಡುಗ, ಆದರೆ ಹೊಟ್ಟೆ ಆ ಮನೆತನದ್ದೇ. ನನಗೆ ಇಷ್ಟವಾದದ್ದು 2010ರಲ್ಲಿ ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಬಂದ ರೋಲ್ ನಂಬರ್ 21. ಕೃಷ್ಣ ಈ ಕಾಲದಲ್ಲಿ ಕ್ರಿಸ್ ಅನ್ನುವ ಹುಡುಗನಾಗಿ ಹುಟ್ಟಿದ್ದಾನೆ. ಕಂಸ ಯಾರಾಗಿ ಹುಟ್ಟಿದ್ದಾನೆ ಗೊತ್ತಾ? ಪ್ರಿನ್ಸಿಪಾಲ್ ಆಗಿ. ಮಕ್ಕಳಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಕಾಗಲಿಲ್ಲ.

ಕನ್ನಡದ ಹಾಸ್ಯ ಶೋಗಳಲ್ಲಿ ಜಾಸ್ತಿ ಬರುವುದು ಕೆಟ್ಟುಹೋಗುವ ಪೌರಾಣಿಕ ನಾಟಕ. ಮಂಡ್ಯ, ತುಮಕೂರು ಕಡೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಆಡುವಾಗ ಪಾತ್ರ ಬೇಕಾದವರೇ ದುಡ್ಡು ಕಟ್ಟುತ್ತಾರೆ. ದುರ್ಯೋಧನನಿಗೆ, ಕೃಷ್ಣನಿಗೆ ರೇಟು ಜಾಸ್ತಿ. ದುಡ್ಡು ಕೊಟ್ಟು ದುರ್ಯೋಧನ ಆದವನು ಸುಲಭಕ್ಕೆ ಸಾಯಲು ಒಪ್ಪುತ್ತಾನೆಯೇ? ಇನ್ನೊಂದು ಕಂದಪದ್ಯ ಹಾಡಿಯೇ ಸಾಯುವುದು ಎಂದು ಕೂರುತ್ತಾನೆ. ಪಕ್ಕದಲ್ಲಿ ಹಾರ್ಮೋನಿಯಂ ಮೇಷ್ಟ್ರು ತಲೆ ಚಚ್ಚಿಕೊಳ್ಳುತ್ತಿರುತ್ತಾರೆ. ಆ ಮೇಷ್ಟ್ರೇ ನಮ್ಮ ದೂತ, ನಮ್ಮ ದೂತಿ. ಎಷ್ಟು ಸಲ ನೋಡಿದರೂ ಈ ಸ್ಕಿಟ್ಟು ನಗಿಸುತ್ತದೆ, ಯಾಕೆಂದರೆ ಅಲ್ಲಿ ಮಹಾಭಾರತವನ್ನು ಯಾರೂ ಹಗುರ ಮಾಡುತ್ತಿಲ್ಲ. ಎಲ್ಲರೂ ಅದನ್ನು ಜೀವ ಬಿಟ್ಟು ನಂಬಿದ್ದಾರೆ. ಜೇಬು ಮತ್ತು ಗಂಟಲು ಸಾಥ್ ಕೊಡುತ್ತಿಲ್ಲ ಅಷ್ಟೇ. ಕುಮಾರವ್ಯಾಸನ ಉತ್ತರಕುಮಾರನೂ ಇದೇ ಜಾತಿಯವನು. "ಉತ್ತರನ ಪೌರುಷ ಒಲೆಯ ಮುಂದೆ" ಎಂದು ನಮ್ಮ ಮನೆಗಳಲ್ಲಿ ಈಗಲೂ ಹೇಳುತ್ತೇವಲ್ಲ.

ಈಗ ಸಂಘಟಕರು ಹೆದರುತ್ತಿದ್ದ ಜಾಗಕ್ಕೆ ಬರುತ್ತೇನೆ. ಧರ್ಮದ ಭಾವನೆಗೆ ನೋವು ಮಾಡಿದರೆ ಶಿಕ್ಷೆ ಎನ್ನುವ 295ಎ ಸೆಕ್ಷನ್ ಹಳೆಯ ದಂಡ ಸಂಹಿತೆಗೆ 1927ರಲ್ಲಿ ಬ್ರಿಟಿಷರ ಕಾಲದಲ್ಲಿ ಸೇರಿದ್ದು. ಈಗ ಹೊಸ ನ್ಯಾಯ ಸಂಹಿತೆಯಲ್ಲಿ ಅದಕ್ಕೆ 299 ಎಂದು ನಂಬರು. ಬೇಕೆಂದೇ, ಕೆಟ್ಟ ಉದ್ದೇಶದಿಂದ ಮಾಡಿರಬೇಕು ಎಂದು ಕಾನೂನು ಹೇಳುತ್ತದೆ. ಆದರೆ ಉದ್ದೇಶ ಸಾಬೀತಾಗುವುದು ಕೋರ್ಟಿನಲ್ಲಿ, ಪೊಲೀಸರು ಬರುವುದು ಮನೆಗೆ. 2016ರ ಜನವರಿಯಲ್ಲಿ ಕಾಮಿಡಿ ನಟ ಕೀಕು ಶಾರದಾ ಅವರನ್ನು ಹರಿಯಾಣದ ಪೊಲೀಸರು ಮುಂಬೈಯಿಂದ ಕರೆದುಕೊಂಡು ಹೋದರು. ಸೆಕ್ಷನ್ ಇದೇ. ಅವರು ಯಾವ ದೇವರನ್ನು ಅಣಕಿಸಿದ್ದರು? ಯಾವ ದೇವರನ್ನೂ ಅಲ್ಲ. ಡೇರಾ ಸಚ್ಚಾ ಸೌದಾದ ಗುರ್ಮೀತ್ ರಾಮ್ ರಹೀಮ್‌ನ ವೇಷ ಹಾಕಿದ್ದರು. ಮರುವರ್ಷ ಆ ಬಾಬಾ ಅತ್ಯಾಚಾರದ ಕೇಸಿನಲ್ಲಿ ಅಪರಾಧಿ ಎಂದು ತೀರ್ಪಾಗಿ ಜೈಲಿಗೆ ಹೋದ.

ನಾಟ್ಯಶಾಸ್ತ್ರದ ಎರಡು ಗಲಾಟೆ ನೆನಪಿದೆಯಲ್ಲ? ಯಮನನ್ನು ಇಟ್ಟುಕೊಂಡು ವರ್ಷಗಟ್ಟಲೆ ಎಪಿಸೋಡು ಮಾಡಿದರೂ ಕೋಣ ಬಂದು ಯಾರನ್ನೂ ಹಾಯಲಿಲ್ಲ. ಬಾಬಾನ ಗಡ್ಡಕ್ಕೆ ಕೈ ಹಾಕಿದವನು ಲಾಕಪ್ಪಿನಲ್ಲಿ ಕೂತ. ಹಾಗಂತ ಎಲ್ಲ ದೂರೂ ಸುಳ್ಳು ಎಂದು ನಾನು ಹೇಳುವುದಿಲ್ಲ. ಬೇಕಂತಲೇ ಚುಚ್ಚುವವರೂ ಇದ್ದಾರೆ. ಪಕ್ಕ ನಿಲ್ಲುವುದು ಅಂದರೆ ಹತ್ತಿರ ನಿಲ್ಲುವುದು. ದೂರದಿಂದ ಕಲ್ಲು ಹೊಡೆಯುವವನು ಹಾಸ್ಯಗಾರನಲ್ಲ. ಕೃಷ್ಣನಿಗೆ ಬೈಯುವ ದೂತಿ ಅದೇ ಮನೆಯವಳು. ದಾಸರು ಬೈಯುತ್ತಲೇ ಹೊಗಳುವ ನಿಂದಾಸ್ತುತಿ ಬರೆದದ್ದೂ ಆ ಸಲಿಗೆಯಿಂದಲೇ. ಆ ಸಲಿಗೆ ಇದೆಯೋ ಇಲ್ಲವೋ ಎನ್ನುವುದು ನೋಡುವವರಿಗೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಕಾನೂನಿಗೆ ಗೊತ್ತಾಗುವುದು ತಡ.

(ಕೊನೆಯಲ್ಲಿ ಪ್ರಶ್ನೆ ಕೇಳಲು ಸಮಯ ಇತ್ತು. ಎರಡನೇ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಎದ್ದು ಕೇಳಿದರು: "ಯಮ, ಶಿವ, ಕೃಷ್ಣ, ನಾರದ ಎಲ್ಲ ಆಯ್ತು. ರಾಮನನ್ನು ಯಾಕೆ ಕಾಮಿಡಿಗೆ ತರಲ್ಲ ಸ್ವಾಮಿ? ಅವನಿಗೆ ನಗು ಬರಲ್ವಾ?")

ಒಳ್ಳೆ ಪ್ರಶ್ನೆ ರಾಯರೇ. ತರುವುದಿಲ್ಲ ಎನ್ನುವುದು ನಿಜ. ಈಗಿನ ಕಾಲದಲ್ಲಿ ಯಾವ ಚಾನೆಲ್ಲೂ ಆ ಧೈರ್ಯ ಮಾಡಲಿಕ್ಕಿಲ್ಲ. ಆದರೆ ನಗು ಬರುತ್ತದೋ ಇಲ್ಲವೋ ಎಂದು ವಾಲ್ಮೀಕಿಯನ್ನೇ ಕೇಳೋಣ. ಅಯೋಧ್ಯಾಕಾಂಡ. ರಾಮ ಕಾಡಿಗೆ ಹೊರಟಿದ್ದಾನೆ. ಇದ್ದದ್ದನ್ನೆಲ್ಲ ದಾನ ಮಾಡುತ್ತಿದ್ದಾನೆ. ಇಡೀ ಊರು ಅಳುತ್ತಿದೆ. ಊರಾಚೆ ತ್ರಿಜಟ ಎನ್ನುವ ಬಡ ಬ್ರಾಹ್ಮಣ, ವಯಸ್ಸಾದವನು, ಗುದ್ದಲಿ ಹಿಡಿದು ಅಗೆದು ಬದುಕುವವನು. ಮನೆ ತುಂಬ ಮಕ್ಕಳು. ಅವನ ಹೆಂಡತಿ ಇನ್ನೂ ಚಿಕ್ಕವಳು. "ಆ ಗುದ್ದಲಿ ಎಸೆದು ರಾಮನ ಹತ್ತಿರ ಹೋಗಿ, ಏನಾದರೂ ಸಿಗುತ್ತದೆ" ಎಂದು ತಳ್ಳುತ್ತಾಳೆ. ಹರಕು ಬಟ್ಟೆ ಸುತ್ತಿಕೊಂಡು ಅವನು ಬರುತ್ತಾನೆ. ರಾಮ ಅವನನ್ನು ನೋಡಿ ತಮಾಷೆ ಮಾಡುತ್ತಾನೆ. "ನಿನ್ನ ಕೋಲು ಎಸೆ. ಅದು ಎಷ್ಟು ದೂರ ಹೋಗಿ ಬೀಳುತ್ತದೋ ಅಲ್ಲಿವರೆಗಿನ ಹಸುಗಳೆಲ್ಲ ನಿನ್ನವು" ಎನ್ನುತ್ತಾನೆ. ಮುದುಕ ಸೊಂಟಕ್ಕೆ ಬಟ್ಟೆ ಬಿಗಿದು, ಕೋಲು ತಿರುಗಿಸಿ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಎಸೆಯುತ್ತಾನೆ. ಕೋಲು ಸರಯೂ ನದಿಯನ್ನೇ ದಾಟಿ ಹಸುಗಳ ಹಿಂಡಿನಲ್ಲಿ ಬೀಳುತ್ತದೆ! ರಾಮ ಅವನನ್ನು ಅಪ್ಪಿಕೊಂಡು, "ಸಿಟ್ಟಾಗಬೇಡ, ಇದು ನಾನು ಮಾಡಿದ ತಮಾಷೆ" ಎಂದು ಬಾಯಿ ಬಿಟ್ಟು ಹೇಳುತ್ತಾನೆ. ಹಸುಗಳನ್ನೂ ಕೊಟ್ಟು ಕಳಿಸುತ್ತಾನೆ.

ಯಾರಾದರೂ ಧೈರ್ಯವಂತರು ಇದನ್ನು ಟಿವಿಗೆ ಮಾಡಿದರೆ ಅರ್ಧ ಗಂಟೆಯ ಎಪಿಸೋಡು ಸಿದ್ಧವಾಗಿದೆ. ರಾಮನಿಗೆ ಎರಡೇ ಎರಡು ಡೈಲಾಗು. ಆ ಪಾತ್ರಕ್ಕೆ ನಗುವನ್ನು ತುಟಿಯೊಳಗೆ ಹಿಡಿದು ನಿಲ್ಲಬಲ್ಲ ನಟ ಸಾಕು. ತ್ರಿಜಟನಿಗೂ ಯಾರಾದರೂ ಸಿಗುತ್ತಾರೆ. ಹೆಂಡತಿಯ ಪಾತ್ರಕ್ಕೆ ಮಾತ್ರ ಪಳಗಿದ ಹಾಸ್ಯಗಾರನೇ ಬೇಕು. ಗಂಡ ಹಸು ಹೊಡೆದುಕೊಂಡು ಬಂದ ಮೇಲೆ, "ಕೋಲು ಎಲ್ಲಿ ಬಿಟ್ಟು ಬಂದ್ರಿ?" ಎಂದು ಕೇಳುವವಳು ಅವಳೇ ತಾನೇ.